ಸರಕಿನ ಹಡಗಿನಲ್ಲಿ ಒಬ್ಬ ಭಿಕ್ಷು

ಹಿಂದಿನ ಕಾಲದಲ್ಲಿ ಕಡಲ ಮೇಲೆ ದೂರದೇಶಕ್ಕೆ ಹೋಗಬಯಸುವವನು ವ್ಯಾಪಾರಿಯಾಗಿರಲಿ, ವಿದ್ಯಾರ್ಥಿಯಾಗಿರಲಿ, ಸಂನ್ಯಾಸಿಯಾಗಿರಲಿ, ಸರಕಿನ ಹಡಗನ್ನೇ ಆಶ್ರಯಿಸಬೇಕಾಗಿದ್ದಿತು. ಹಡಗು ಹೊರಡುತ್ತಿದ್ದುದು ಸರಕಿನ ಸಲುವಾಗಿ. ಯಾವ ಬಂದರಿಗೆ ಹೋಗಬೇಕು, ಎಷ್ಟು ದಿನ ತಂಗಬೇಕು, ಎಂದು ಲಂಗರು ಎತ್ತಬೇಕು ಎಂಬುದೆಲ್ಲವೂ ಸರಕಿನ ಒಡೆಯರ ಲಾಭನಷ್ಟವನ್ನೂ ಗಾಳಿಯ ದಿಕ್ಕನ್ನೂ ಅವಲಂಬಿಸಿದ್ದಿತು. ಪ್ರಯಾಣಿಕನು ಆ ಏರ್ಪಾಟಿನಲ್ಲಿ ಒಂದು ಮೂಲೆಯನ್ನು ಪಡೆದು ಕುಳಿತಿರುತ್ತಿದ್ದನು. ಸರಕುಹಡಗಿನಲ್ಲಿ ಪ್ರಯಾಣಿಕನಿಗೆ ಎಡೆಕೊಡುವ ಈ ಪದ್ಧತಿಯನ್ನು ಇಂದಿನ ನೌಕಾ ಕಾನೂನು ಕೂಡ ಅಲ್ಲಗಳೆದಿಲ್ಲ. ಕಡಲಿನಲ್ಲಿ ಜೀವರಕ್ಷಣೆಯನ್ನು ಕುರಿತ 1974ರ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ 12ಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಹೊತ್ತ ಹಡಗು ಪ್ರಯಾಣಿಕರ ಹಡಗು ಎನಿಸಿಕೊಳ್ಳುತ್ತದೆ. ಆ ಸಂಖ್ಯೆಯನ್ನು ಮೀರದಿದ್ದರೆ ಅದು ಸರಕುಹಡಗಾಗಿಯೇ ಉಳಿಯುತ್ತದೆ.

ಪ್ರತಿಯೊಂದು ವಸ್ತುವಿಗೂ ಬೆಲೆ ಕಟ್ಟಿ ಏರಿಸಿರುವ ಹಡಗಿನಲ್ಲಿ, ಸರಕೂ ಅಲ್ಲದ, ಸರಕಿನ ಒಡೆಯನೂ ಅಲ್ಲದ ಮನುಷ್ಯನ ಸ್ಥಾನವೇನು? ಗಾಳಿ ಅನುಕೂಲವಾಗಿ ಬೀಸುತ್ತಿರುವವರೆಗೆ ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಬಿರುಗಾಳಿ ಎದ್ದಾಗ, ಕುಡಿಯುವ ನೀರು ಬತ್ತತೊಡಗಿದಾಗ, ಎಲ್ಲರೂ ಇದನ್ನೇ ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಅರಸುವವರಿಗೆ ಸುಮಾರು 1600 ವರ್ಷಗಳ ಹಿಂದಿನ ಒಂದು ಪ್ರವಾಸಕಥನವು ನೆರವಾಗುತ್ತದೆ. ಅದನ್ನು ಬರೆದವನು ಚೀನಾದ ಬೌದ್ಧ ಭಿಕ್ಷು ಫಾಹಿಯಾನ್. ಗುಪ್ತರ ಕಾಲದ ಭಾರತವನ್ನು ವರ್ಣಿಸಿದವನೆಂದು ನಾವು ಶಾಲೆಯ ಪಾಠಗಳಲ್ಲಿ ಆತನ ಹೆಸರನ್ನು ಓದಿದ್ದೇವೆ. ಆತನು ಊರಿಗೆ ಮರಳಿದ ಬಗೆಯನ್ನು ಮಾತ್ರ ಆ ಪಾಠಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಭಿಕ್ಷುವಿನ ಗಂಟು

ಫಾಹಿಯಾನನು 399ರಲ್ಲಿ ಚಾಂಗ್‌ಆನ್ ನಗರದಿಂದ ನಾಲ್ವರು ಸಂಗಡಿಗರೊಂದಿಗೆ ಹೊರಟನು. ಆಗ ಆತನಿಗೆ ಸುಮಾರು 60 ವರ್ಷ ವಯಸ್ಸಾಗಿದ್ದಿತೆಂದು ವಿದ್ವಾಂಸರು ಎಣಿಸುತ್ತಾರೆ. ಆತನ ಉದ್ದೇಶ ಒಂದೇ: ತನ್ನ ನಾಡಿನಲ್ಲಿ ಅಪೂರ್ಣವಾಗಿದ್ದ ವಿನಯಗ್ರಂಥಗಳನ್ನು, ಎಂದರೆ ಭಿಕ್ಷುಗಳ ಆಚಾರವನ್ನು ವಿಧಿಸುವ ಗ್ರಂಥಗಳನ್ನು, ಭಾರತದಿಂದ ತರುವುದು. ಮರುಭೂಮಿಯನ್ನೂ ಹಿಮಪರ್ವತಗಳನ್ನೂ ಕಾಲ್ನಡಿಗೆಯಿಂದ ದಾಟಿ ಮಧ್ಯದೇಶವನ್ನು ಸೇರಲು ಆರು ವರ್ಷಗಳು ಹಿಡಿದವು. ದಾರಿಯಲ್ಲಿ ಒಬ್ಬ ಸಂಗಡಿಗನು ಹಿಮದಲ್ಲಿ ಸತ್ತನು. ಮತ್ತೊಬ್ಬನು ಭಾರತದಲ್ಲಿಯೇ ಉಳಿಯಲು ನಿಶ್ಚಯಿಸಿದನು. ಫಾಹಿಯಾನನು ಪಾಟಲಿಪುತ್ರದಲ್ಲಿ ಮೂರು ವರ್ಷ ನಿಂತು ಸಂಸ್ಕೃತವನ್ನು ಕಲಿತು ವಿನಯಗ್ರಂಥವನ್ನು ಪ್ರತಿಮಾಡಿಕೊಂಡನು. ಗಂಗೆಯ ಮುಖಜ ಪ್ರದೇಶದ ತಾಮ್ರಲಿಪ್ತಿ ಬಂದರಿನಲ್ಲಿ ಎರಡು ವರ್ಷ ಕುಳಿತು ಸೂತ್ರಗಳನ್ನು ಬರೆದುಕೊಂಡನು. ಪ್ರತಿಮೆಗಳ ಚಿತ್ರಗಳನ್ನು ರಚಿಸಿಕೊಂಡನು.

ತಾಮ್ರಲಿಪ್ತಿಯಿಂದ ಆತನು ಒಂದು ದೊಡ್ಡ ವರ್ತಕರ ಹಡಗನ್ನೇರಿ, ಚಳಿಗಾಲದ ಅನುಕೂಲ ಗಾಳಿಯಲ್ಲಿ ಹದಿನಾಲ್ಕು ದಿನ ಹದಿನಾಲ್ಕು ರಾತ್ರಿ ಸಾಗಿ ಸಿಂಹಳವನ್ನು ತಲುಪಿದನು. ಅಲ್ಲಿಯೂ ಎರಡು ವರ್ಷ ಗ್ರಂಥಸಂಗ್ರಹದಲ್ಲಿ ಕಳೆದವು. ಒಂದು ದಿನ ವಿಹಾರದಲ್ಲಿದ್ದ ಪಚ್ಚೆಶಿಲೆಯ ಬುದ್ಧಪ್ರತಿಮೆಯ ಮುಂದೆ ಒಬ್ಬ ವರ್ತಕನು ಚೀನಾ ದೇಶದ ಬಿಳಿಯ ರೇಷ್ಮೆಯ ಬೀಸಣಿಗೆಯೊಂದನ್ನು ಕಾಣಿಕೆಯಾಗಿ ಇಟ್ಟುದನ್ನು ಕಂಡು, ತಾಯ್ನಾಡಿನ ನೆನಪಾಗಿ, ಮುದಿ ಭಿಕ್ಷುವಿನ ಕಣ್ಣಲ್ಲಿ ನೀರು ತುಂಬಿತು. ಜೊತೆಗಾರರೆಲ್ಲ ಅಗಲಿಹೋಗಿದ್ದರು. ಕಂಡ ಮುಖಗಳೆಲ್ಲ ಪರದೇಶೀಯರವು. ಆ ಬೀಸಣಿಗೆಯೂ ಸರಕಿನ ಹಡಗಿನಲ್ಲಿಯೇ ಅಲ್ಲಿಗೆ ಬಂದಿದ್ದಿತೆಂಬುದನ್ನು ಇಲ್ಲಿ ನೆನೆಯಬಹುದು.

ಮೊದಲನೆಯ ಹಡಗು

ಸಿಂಹಳದಿಂದ ಆತನು ಏರಿದ ವರ್ತಕರ ಹಡಗಿನಲ್ಲಿ 200ಕ್ಕೂ ಮಿಕ್ಕಿ ಜನರಿದ್ದರು. ದೊಡ್ಡ ಹಡಗು ಒಡೆದರೆ ಒದಗಲೆಂದು ಹಿಂಬದಿಯಲ್ಲಿ ಒಂದು ಚಿಕ್ಕ ನೌಕೆಯನ್ನು ಹಗ್ಗದಿಂದ ಕಟ್ಟಿದ್ದರು. ಅನುಕೂಲ ಗಾಳಿಯಲ್ಲಿ ಪೂರ್ವಕ್ಕೆ ಎರಡು ಮೂರು ದಿನ ಸಾಗಿದ ಮೇಲೆ ಬಿರುಗಾಳಿ ಎದ್ದಿತು. ಹಡಗಿನಲ್ಲಿ ಬಿರುಕು ಬಿಟ್ಟು ನೀರು ಒಳನುಗ್ಗಿತು. ವರ್ತಕರು ಚಿಕ್ಕ ನೌಕೆಗೆ ದಾಟಿಕೊಳ್ಳಲು ಮುಂದಾದರು. ಆದರೆ ಅದರಲ್ಲಿ ಈಗಾಗಲೇ ಇದ್ದವರು, ಬರುವವರು ಹೆಚ್ಚಾದರೆ ತಾವೂ ಮುಳುಗುವೆವೆಂದು ಹೆದರಿ, ಹಗ್ಗವನ್ನು ಕಡಿದುಬಿಟ್ಟರು.

ಇನ್ನು ಉಳಿದ ದಾರಿ ಒಂದೇ, ಭಾರವನ್ನು ತಗ್ಗಿಸುವುದು. ವರ್ತಕರು ತಮ್ಮ ದಪ್ಪ ಸರಕುಗಳನ್ನೆತ್ತಿ ನೀರಿಗೆ ಎಸೆಯತೊಡಗಿದರು. ಫಾಹಿಯಾನನು ತನ್ನ ಕಮಂಡಲುವನ್ನೂ ಕೈಕಾಲು ತೊಳೆಯುವ ಬೋಗುಣಿಯನ್ನೂ ಇತರ ಕೆಲವು ವಸ್ತುಗಳನ್ನೂ ಎಸೆದನು. ವರ್ತಕರು ತನ್ನ ಗ್ರಂಥಗಳನ್ನೂ ಪ್ರತಿಮೆಗಳನ್ನೂ ಕಿತ್ತು ಎಸೆದಾರೆಂಬುದೊಂದೇ ಆತನ ಭಯ. ಸುಮಾರು ಹನ್ನೆರಡು ವರ್ಷಗಳ ಶ್ರಮವೆಲ್ಲ ಆ ಗಂಟಿನಲ್ಲಿದ್ದಿತು. ಆತನು ಅವಲೋಕಿತೇಶ್ವರನನ್ನು ನೆನೆದು, ಇವು ನೆಲ ಸೇರಲೆಂದು ಬೇಡಿಕೊಂಡನು. ಹದಿಮೂರು ಹಗಲು ಹದಿಮೂರು ರಾತ್ರಿ ಹೀಗೆ ಕಳೆದ ಮೇಲೆ ಹಡಗು ಒಂದು ದ್ವೀಪದ ದಡಕ್ಕೆ ತಾಗಿತು. ಇಳಿತದ ಸಮಯದಲ್ಲಿ ನೀರು ಸೋರುತ್ತಿದ್ದ ಎಡೆಯನ್ನು ಹುಡುಕಿ ಮುಚ್ಚಿ ಪ್ರಯಾಣವನ್ನು ಮುಂದುವರಿಸಿದರು.

ಆ ಹಡಗಿನಲ್ಲಿ ಪೇಟೆಯ ಬೆಲೆಯ ಪ್ರಕಾರ ನೋಡಿದರೆ ಭಿಕ್ಷುವಿನ ಗಂಟಿಗಿಂತ ನಿಷ್ಪ್ರಯೋಜಕವಾದ ಸರಕು ಇನ್ನೊಂದಿರಲಾರದು. ಆದರೂ ಯಾರೂ ಅದನ್ನು ಕೇಳಲಿಲ್ಲ. ಹದಿಮೂರು ದಿನಗಳ ಕಾಲ ತಮ್ಮ ಬಂಡವಾಳವನ್ನು ತಾವೇ ನೀರಿಗೆ ಹಾಕುತ್ತಿದ್ದ ಆ ವರ್ತಕರು, ಒಬ್ಬ ಪರದೇಶಿಯ ಪುಸ್ತಕದ ಗಂಟನ್ನು ಹಾಗೆಯೇ ಬಿಟ್ಟರೆಂಬುದನ್ನು ವರ್ತಕ ಕುಲದವರಾದ ನಾವು ಗಮನಿಸಬೇಕು.

ಹಗಲಿರುಳುಗಳ ಎಣಿಕೆ

ದ್ವೀಪವನ್ನು ಬಿಟ್ಟ ಮೇಲಿನ ದಿನಗಳನ್ನು ಫಾಹಿಯಾನನು ಬಣ್ಣವಿಲ್ಲದ ಮಾತುಗಳಲ್ಲಿ ಹೇಳುತ್ತಾನೆ. ಕಡಲಿನಲ್ಲಿ ಕಳ್ಳರ ಭಯ. ಅವರ ಕೈಗೆ ಸಿಕ್ಕಿದರೆ ಬದುಕು ಮುಗಿದಂತೆ. ಎತ್ತ ನೋಡಿದರೂ ಎಲ್ಲೆಯಿಲ್ಲದ ನೀರು. ಪೂರ್ವ ಯಾವುದು ಪಶ್ಚಿಮ ಯಾವುದು ತಿಳಿಯದು. ಸೂರ್ಯ ಚಂದ್ರ ನಕ್ಷತ್ರಗಳನ್ನು ನೋಡಿಯೇ ಮುಂದುವರಿಯಬೇಕು. ಮೋಡ ಕವಿದು ಮಳೆ ಹಿಡಿದರೆ ಗಾಳಿ ಒಯ್ದತ್ತ ಹೋಗುವುದಲ್ಲದೆ ಬೇರೆ ಗತಿಯಿಲ್ಲ. ಕತ್ತಲ ರಾತ್ರಿಗಳಲ್ಲಿ ದೊಡ್ಡ ಅಲೆಗಳು ಒಂದಕ್ಕೊಂದು ಬಡಿದು ಬೆಂಕಿಯಂತೆ ಹೊಳೆಯುವುದು ಮಾತ್ರ ಕಾಣುತ್ತಿದ್ದಿತು. ಆ ಬೆಳಕಿನಲ್ಲಿ ಆಮೆಗಳೂ ಕಡಲಿನ ವಿಚಿತ್ರ ಪ್ರಾಣಿಗಳೂ ಮಿಂಚಿ ಮರೆಯಾಗುತ್ತಿದ್ದವು. ಅಲೆಯೊಡನೆ ಹೊಳೆಯುವ ಆ ಬೆಳಕು ಕಡಲಿನ ಸೂಕ್ಷ್ಮಜೀವಿಗಳದೆಂದು ಇಂದಿನ ವಿಜ್ಞಾನ ತಿಳಿಸಿದೆ. ಆಗಿನ ವರ್ತಕರಿಗೆ ಅದು ಭಯವನ್ನು ಹೆಚ್ಚಿಸುವ ದೃಶ್ಯವಾಗಿದ್ದಿತು. ನಿಲ್ಲಿಸೋಣವೆಂದರೆ ನೀರು ಬಲು ಆಳ. ಲಂಗರು ಇಳಿಸಲು ನೆಲ ಸಿಗದು. ಆಕಾಶ ತಿಳಿಯಾದಾಗಲೇ ದಿಕ್ಕು ತಿಳಿದು ಸರಿಯಾದ ದಾರಿಗೆ ಮರಳುವುದು.

ಹೀಗೆ 90 ದಿನಗಳಿಗೂ ಮಿಕ್ಕಿ ಸಾಗಿ, ವಿದ್ವಾಂಸರು ಯವದ್ವೀಪವೆಂದು ಗುರುತಿಸುವ ನಾಡನ್ನು ತಲುಪಿದರು. ಅಲ್ಲಿ ವೈದಿಕ ಧರ್ಮವು ಪ್ರಬಲವಾಗಿದ್ದಿತೆಂದೂ ಬೌದ್ಧಧರ್ಮವು ಹೇಳಿಕೊಳ್ಳುವಷ್ಟು ಇರಲಿಲ್ಲವೆಂದೂ ಆತನು ಬರೆದಿದ್ದಾನೆ. ಅಲ್ಲಿ ಐದು ತಿಂಗಳು ಕಾದಿದ್ದು ಮತ್ತೊಂದು ಹಡಗನ್ನು ಹಿಡಿಯಬೇಕಾಯಿತು. ಮಾನ್ಸೂನ್ ಗಾಳಿಯನ್ನು ನಂಬಿದ ಕಡಲಯಾನದಲ್ಲಿ ನೀರಿನ ಮೇಲೆ ಕಳೆಯುವಷ್ಟೇ ಕಾಲವನ್ನು ಬಂದರಿನಲ್ಲಿಯೂ ಕಳೆಯಬೇಕಾಗುತ್ತಿದ್ದಿತು. ಕಾಯುವುದೂ ಪ್ರಯಾಣದ ಒಂದು ಭಾಗವೇ ಆಗಿದ್ದಿತು.

ಎರಡನೆಯ ಹಡಗು

ಎರಡನೆಯ ಹಡಗಿನಲ್ಲಿಯೂ ಸುಮಾರು 200 ಜನರು. ಚೀನಾದ ದಕ್ಷಿಣದ ಬಂದರಾದ ಗ್ವಾಂಗ್‌ಜೋಗೆ ವಾಡಿಕೆಯ ಪ್ರಯಾಣ 50 ದಿನಗಳದು. ಆದುದರಿಂದ 50 ದಿನಗಳಿಗೆ ಸಾಲುವಷ್ಟು ಆಹಾರವನ್ನು ತುಂಬಿಕೊಂಡಿದ್ದರು. ಹೊರಟುದು ಚೀನೀ ಪಂಚಾಂಗದ ನಾಲ್ಕನೆಯ ತಿಂಗಳ 16ನೆಯ ದಿನ.

ಈ ದಿನಾಂಕಕ್ಕೆ ಒಂದು ವಿಶೇಷವಿದೆ. ಚೀನಾದ ಭಿಕ್ಷುಗಳು ವರ್ಷಾವಾಸವನ್ನು ಆರಂಭಿಸುವುದು ಅದೇ ದಿನ. ಚಾತುರ್ಮಾಸದ ಮಹತ್ತ್ವವನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ನಮ್ಮ ಮುನಿಗಳು ವಾಹನವನ್ನೇರುವುದಿಲ್ಲ. ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಾರೆ. ಬೌದ್ಧ ವಿನಯವಾದರೋ ವರ್ತಕರ ಸಾರ್ಥದೊಡನೆ ಹೋಗುತ್ತಿರುವ ಅಥವಾ ಹಡಗಿನಲ್ಲಿರುವ ಭಿಕ್ಷುವಿಗೆ ಅಲ್ಲಿಯೇ ವರ್ಷಾವಾಸವನ್ನು ನಡೆಸಲು ಅವಕಾಶ ಕೊಟ್ಟಿದೆ. ಫಾಹಿಯಾನನು ಹಾಗೆಯೇ ಮಾಡಿದನು. ಸರಕಿನ ನಡುವೆ, ಭಾಷೆ ಬೇರೆ ಮತ ಬೇರೆಯಾದ ಜನರ ನಡುವೆ, ಅಲುಗಾಡುವ ಹಲಗೆಯ ಮೇಲೆ ಆತನು ತನ್ನ ವ್ರತವನ್ನು ಕೈಗೊಂಡನು. ಹಡಗು ಚಲಿಸುತ್ತಿದ್ದರೂ ವ್ರತಸ್ಥನು ತನ್ನ ಎಡೆಯಲ್ಲಿ ನಿಂತೇ ಇದ್ದನು.

ಒಂದು ತಿಂಗಳಿಗೂ ಹೆಚ್ಚು ಕಾಲ ಈಶಾನ್ಯಾಭಿಮುಖವಾಗಿ ಸಾಗಿದ ಮೇಲೆ, ಒಂದು ರಾತ್ರಿಯ ಎರಡನೆಯ ಜಾವದಲ್ಲಿ ಕರಾಳವಾದ ಗಾಳಿಮಳೆ ಕವಿಯಿತು. ವರ್ತಕರೂ ಪ್ರಯಾಣಿಕರೂ ನಡುಗಿಹೋದರು. ಫಾಹಿಯಾನನು ಮತ್ತೆ ಪ್ರಾರ್ಥನೆಯಲ್ಲಿ ಮುಳುಗಿ ಬೆಳಗಿನವರೆಗೆ ಹೇಗೋ ಕಳೆದನು. ಬೆಳಗಾದಾಗ ಹಡಗಿನಲ್ಲಿದ್ದ ಬ್ರಾಹ್ಮಣರು ಕೂಡಿ ಆಲೋಚಿಸಿದರು. ಈ ಶ್ರಮಣನು ನಮ್ಮೊಡನೆ ಇರುವುದರಿಂದಲೇ ಇಷ್ಟೊಂದು ಸಂಕಟ ಒದಗಿತು. ಇವನನ್ನು ಯಾವುದಾದರೊಂದು ದ್ವೀಪದ ದಡದಲ್ಲಿ ಇಳಿಸಿಬಿಡೋಣ. ಒಬ್ಬನಿಗಾಗಿ ಎಲ್ಲರೂ ಅಪಾಯಕ್ಕೆ ಒಳಗಾಗುವುದು ಸಲ್ಲದು ಎಂದು ಅವರ ನಿರ್ಣಯವಾಯಿತು.

ಇನ್ನೂರರ ಎದುರು ಒಂದು

ಅಪಶಕುನದ ಮನುಷ್ಯನೊಬ್ಬನಿಂದ ಹಡಗಿಗೆ ಕೇಡು ಬರುವುದೆಂಬ ನಂಬಿಕೆ ಆ ಕಾಲದ ಕಡಲಯಾನಿಗಳಲ್ಲಿ ಹರಡಿದ್ದಿತು. ಬೌದ್ಧರ ಲೋಸಕ ಜಾತಕದಲ್ಲಿಯೇ ಇದರ ನಿದರ್ಶನವಿದೆ. ಅಲ್ಲಿ ಹಡಗು ನಡುಗಡಲಿನಲ್ಲಿ ನಿಂತುಬಿಡುತ್ತದೆ. ದುರದೃಷ್ಟನು ಯಾರೆಂದು ಚೀಟಿ ಎತ್ತುತ್ತಾರೆ. ಮತ್ತೆ ಮತ್ತೆ ಮಿತ್ತವಿಂದಕನ ಹೆಸರೇ ಬರುತ್ತದೆ. ಅವನನ್ನು ಬಿದಿರಿನ ತೆಪ್ಪದ ಮೇಲೆ ಇಳಿಸಿದ ಕೂಡಲೇ ಹಡಗು ಮುಂದೆ ಸಾಗುತ್ತದೆ. ಆದುದರಿಂದ ಇದು ಯಾವುದೋ ಒಂದು ಮತದವರ ದೋಷವೆಂದು ಭಾವಿಸಲಾಗದು. ಮೊದಲನೆಯ ಹಡಗಿನ ಹಗ್ಗವನ್ನು ಕಡಿದವರ ಮತ ಯಾವುದೆಂದು ಫಾಹಿಯಾನನು ಬರೆದೇ ಇಲ್ಲ. ಭಯವು ಎಲ್ಲ ಮತದವರಿಂದಲೂ ಒಂದೇ ಬಗೆಯ ಮಾತನ್ನು ಆಡಿಸುತ್ತದೆ.

ಆಗ ಒಬ್ಬನು ಎದ್ದು ನಿಂತನು. ಫಾಹಿಯಾನನು ಆತನ ಹೆಸರನ್ನು ಕೊಡದೆ, ತನ್ನ ದಾನಪತಿ, ಎಂದರೆ ಪ್ರಯಾಣಕ್ಕೆ ನೆರವಾಗಿ ತನ್ನನ್ನು ನೋಡಿಕೊಳ್ಳುತ್ತಿದ್ದ ಗೃಹಸ್ಥ ಎಂದಷ್ಟೇ ಹೇಳಿದ್ದಾನೆ. ಆತನ ಮಾತಿನ ತಾತ್ಪರ್ಯವಿಷ್ಟು: ಈ ಭಿಕ್ಷುವನ್ನು ಇಳಿಸುವುದಾದರೆ ನನ್ನನ್ನೂ ಇಳಿಸಬೇಕು, ಇಲ್ಲವೇ ನನ್ನನ್ನು ಕೊಲ್ಲಬೇಕು. ನೀವು ಇವನನ್ನು ಇಳಿಸಿ ಹೋದರೆ, ಚೀನಾ ತಲುಪಿದ ಮೇಲೆ ನಾನು ರಾಜನಲ್ಲಿ ದೂರುತ್ತೇನೆ. ಆ ರಾಜನು ಬುದ್ಧನ ಧರ್ಮದಲ್ಲಿ ಶ್ರದ್ಧೆಯುಳ್ಳವನು, ಭಿಕ್ಷುಗಳನ್ನು ಗೌರವಿಸುವವನು. ವರ್ತಕರು ಹಿಂದುಮುಂದು ನೋಡಿದರು. ಇಳಿಸುವ ಧೈರ್ಯ ಮಾಡಲಿಲ್ಲ.

ಆ ದಾನಪತಿಯು ಶಕುನ ಸುಳ್ಳೆಂದು ವಾದಿಸಲಿಲ್ಲ. ದಯೆಯನ್ನು ಕುರಿತು ಉಪದೇಶ ಮಾಡಲಿಲ್ಲ. ಒಂದು ಕಡೆ 200, ಇನ್ನೊಂದು ಕಡೆ 1 ಎಂದು ಅವರು ಬರೆದಿದ್ದ ಲೆಕ್ಕದಲ್ಲಿ ಒಂದರ ಪಕ್ಕದಲ್ಲಿ ತನ್ನನ್ನು ನಿಲ್ಲಿಸಿಕೊಂಡನು. ಅನಂತರ ವರ್ತಕರಿಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲಿ, ಹೋಗಬೇಕಾದ ಬಂದರಿನ ರಾಜದಂಡವನ್ನು ನೆನಪಿಸಿದನು. ಧರ್ಮವೂ ವ್ಯವಹಾರಜ್ಞಾನವೂ ಒಬ್ಬನಲ್ಲಿಯೇ ಕೂಡಿದ್ದುದರಿಂದ ಒಂದು ಜೀವ ಉಳಿಯಿತು.

ಉಪ್ಪುನೀರಿನ ಅಡುಗೆ

ಆಕಾಶ ಕಪ್ಪಾಗಿಯೇ ಉಳಿಯಿತು, ದಿಕ್ಕು ತಪ್ಪಿತು. 70 ದಿನಗಳು ಕಳೆದವು. 50 ದಿನಗಳಿಗೆಂದು ತಂದ ಆಹಾರವೂ ನೀರೂ ತೀರುತ್ತ ಬಂದಿತು. ಅಡುಗೆಗೆ ಸಮುದ್ರದ ಉಪ್ಪುನೀರನ್ನೇ ಬಳಸತೊಡಗಿದರು. ಉಳಿದಿದ್ದ ಸಿಹಿನೀರನ್ನು ಎಲ್ಲರಿಗೂ ಹಂಚಿದಾಗ ಒಬ್ಬೊಬ್ಬರ ಪಾಲಿಗೆ ಎರಡು ಷೆಂಗ್ ಬಂದಿತು. ಅದು ಆ ಕಾಲದ ಚೀನೀ ಅಳತೆ. ನಮ್ಮ ಲೆಕ್ಕದಲ್ಲಿ ಅರ್ಧ ಲೀಟರಿಗೂ ಕಡಿಮೆ. ಯಾರನ್ನು ದಡದಲ್ಲಿ ಬಿಟ್ಟುಹೋಗಬೇಕೆಂದಿದ್ದರೋ ಆ ಭಿಕ್ಷುವೂ ಈಗ ಅದೇ ನೀರನ್ನು ಕುಡಿಯುವವರಲ್ಲಿ ಒಬ್ಬನು.

ಕೊನೆಗೆ ವರ್ತಕರು ತಮ್ಮಲ್ಲಿ ಸಮಾಲೋಚಿಸಿ, ವಾಡಿಕೆಯ 50 ದಿನಗಳನ್ನು ಎಷ್ಟೋ ಮೀರಿದ್ದೇವೆ, ದಾರಿ ತಪ್ಪಿರಲೇಬೇಕು ಎಂದು ತೀರ್ಮಾನಿಸಿ, ವಾಯವ್ಯಕ್ಕೆ ಹಡಗನ್ನು ತಿರುಗಿಸಿದರು. ಹನ್ನೆರಡು ದಿನ ಹನ್ನೆರಡು ರಾತ್ರಿಗಳಾದ ಮೇಲೆ ದಡ ಸಿಕ್ಕಿತು. ಸಿಹಿನೀರೂ ಸೊಪ್ಪುತರಕಾರಿಯೂ ಸಿಕ್ಕಿದವು. ಅದು ಏಳನೆಯ ತಿಂಗಳ 14ನೆಯ ದಿನ. ಹೊರಟಂದಿನಿಂದ ಎಣಿಸಿದರೆ ಸುಮಾರು 87 ದಿನಗಳು. ಭಿಕ್ಷುವಿನ ವರ್ಷಾವಾಸ ಮುಗಿಯಲು ಇನ್ನೊಂದೇ ದಿನ ಉಳಿದಿದ್ದಿತು.

ಪರಿಚಿತವಾದ ಸೊಪ್ಪನ್ನು ಕಂಡು ಇದು ಚೀನಾ ದೇಶವೇ ಎಂದು ತಿಳಿಯಿತಾದರೂ ಯಾವ ಪ್ರಾಂತವೆಂದು ಗೊತ್ತಾಗಲಿಲ್ಲ. ಕೆಲವರು ಚಿಕ್ಕ ದೋಣಿಯಲ್ಲಿ ಹೊಳೆಯೊಳಗೆ ಹೋಗಿ ಇಬ್ಬರು ಬೇಟೆಗಾರರನ್ನು ಹಿಡಿದು ತಂದರು. ಅವರೊಡನೆ ಮಾತಾಡುವ ಕೆಲಸ ಫಾಹಿಯಾನನ ಪಾಲಿಗೆ ಬಂದಿತು. ಆತನು ಮೊದಲು ಹೆದರಿದ್ದ ಆ ಇಬ್ಬರನ್ನು ಸಮಾಧಾನಪಡಿಸಿದನು. ಆಮೇಲೆ ಊರಿನ ಹೆಸರನ್ನು ಕೇಳಿ ವರ್ತಕರಿಗೆ ತಿಳಿಸಿದನು. ಅದು ಇಂದಿನ ಶಾಂಡೊಂಗ್ ಪ್ರಾಂತದ ಲಾವೊಷಾನ್ ಬೆಟ್ಟದ ಕರಾವಳಿ. ಸೇರಬೇಕಾಗಿದ್ದ ಗ್ವಾಂಗ್‌ಜೋವಿಗಿಂತ ಬಲು ದೂರ ಉತ್ತರಕ್ಕೆ. ವರ್ತಕರು ಹರ್ಷಗೊಂಡು ತಮ್ಮ ಸರಕಿನ ಏರ್ಪಾಟಿಗೆ ತೊಡಗಿದರು. ಎರಡು ತಿಂಗಳ ಹಿಂದೆ ಹಡಗಿಗೆ ಭಾರವೆನಿಸಿದ್ದ ಮನುಷ್ಯನು ದಡದಲ್ಲಿ ಅವರೆಲ್ಲರಿಗೂ ಬಾಯಿಯಾದನು.

ಗಂಟಿನಲ್ಲಿದ್ದ ಗ್ರಂಥಗಳ ಮಾತನ್ನೂ ಹೇಳಬೇಕು. ಮಹಾಸಾಂಘಿಕ ವಿನಯವನ್ನು ಫಾಹಿಯಾನನು ಭಾರತದ ಬುದ್ಧಭದ್ರನೊಡನೆ ಕೂಡಿ 416ರಿಂದ 418ರ ಅವಧಿಯಲ್ಲಿ, ಇಂದು ನಾನ್‌ಜಿಂಗ್ ಎನಿಸಿಕೊಳ್ಳುವ ನಗರದಲ್ಲಿ, ಚೀನೀ ಭಾಷೆಗೆ ತಂದನು. ಸಿಂಹಳದಲ್ಲಿ ದೊರೆತ ಮಹೀಶಾಸಕ ವಿನಯವನ್ನು ಬುದ್ಧಜೀವನು 423-24ರಲ್ಲಿ ಅನುವಾದಿಸಿದನು. ಈ ಮಹೀಶಾಸಕ ವಿನಯದ ಭಾರತೀಯ ಮೂಲ ಇಂದು ಪೂರ್ಣವಾಗಿ ಉಳಿದಿಲ್ಲ. ಚೀನೀ ಅನುವಾದದಿಂದಲೇ ಅದನ್ನು ತಿಳಿಯಬೇಕು. ಆ ಹಡಗುಗಳ ಸರಕಿನಲ್ಲಿ ಇಂದು ಲೋಕಕ್ಕೆ ಗೊತ್ತಿರುವುದು ಆ ಗಂಟೊಂದೇ.

ವರ್ತಕರ ಕಾನೂನು

ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ನೌಕಾವಿಮೆಯ ಪಾಠದಲ್ಲಿ ಬರುವ 'ಜನರಲ್ ಆವರೇಜ್' ಎಂಬ ತತ್ತ್ವ ಪರಿಚಿತವಾದುದು. ಹಡಗನ್ನು ಉಳಿಸುವುದಕ್ಕಾಗಿ ಒಬ್ಬನ ಸರಕನ್ನು ನೀರಿಗೆ ಎಸೆದರೆ, ಆ ನಷ್ಟವನ್ನು ಅವನೊಬ್ಬನೇ ಹೊರಬೇಕಾಗಿಲ್ಲ. ಉಳಿದುಕೊಂಡ ಹಡಗಿನ ಮತ್ತು ಸರಕುಗಳ ಒಡೆಯರೆಲ್ಲರೂ ತಮ್ಮ ತಮ್ಮ ಬೆಲೆಗೆ ಅನುಸಾರವಾಗಿ ಅದರಲ್ಲಿ ಪಾಲುಗೊಳ್ಳಬೇಕು. ಮೆಡಿಟರೇನಿಯನ್ ಕಡಲಿನ ರೋಡ್ಸ್ ದ್ವೀಪದ ವರ್ತಕರ ಹೆಸರಿನಲ್ಲಿ ಬಂದ ಈ ನಿಯಮವು, 533ರಲ್ಲಿ ಪ್ರಕಟವಾದ ಜಸ್ಟಿನಿಯನ್ ಚಕ್ರವರ್ತಿಯ ಕಾನೂನು ಸಂಗ್ರಹದಲ್ಲಿ ಸ್ಥಾನ ಪಡೆಯಿತು. ಭಾರತದ 1963ರ ನೌಕಾವಿಮಾ ಕಾಯಿದೆಯೂ ಇದನ್ನು ಅಂಗೀಕರಿಸಿದೆ.

ಆ ಹಳೆಯ ಸಂಗ್ರಹದಲ್ಲಿ ಇನ್ನೆರಡು ಮಾತುಗಳಿವೆ. ನಷ್ಟವನ್ನು ಹಂಚುವಾಗ ಸ್ವತಂತ್ರ ಮನುಷ್ಯರ ದೇಹಕ್ಕೆ ಬೆಲೆ ಕಟ್ಟಲಾಗದು ಎಂಬುದು ಒಂದು. ಪ್ರಯಾಣದಲ್ಲಿ ತಿನ್ನುವುದಕ್ಕೆಂದು ತಂದ ಆಹಾರವನ್ನು ಲೆಕ್ಕಕ್ಕೆ ಸೇರಿಸಕೂಡದು ಎಂಬುದು ಇನ್ನೊಂದು. ಏಕೆಂದರೆ ಆಹಾರ ತೀರಿಬಂದಾಗ ಪ್ರತಿಯೊಬ್ಬನೂ ತನ್ನಲ್ಲಿದ್ದುದನ್ನು ಎಲ್ಲರಿಗಾಗಿ ಕೂಡಿಸಬೇಕು ಎಂಬುದು ಅಲ್ಲಿಯ ನ್ಯಾಯ. ರೋಮಿನ ಈ ಕಾನೂನಿಗೂ ಫಾಹಿಯಾನನ ಹಡಗುಗಳಿಗೂ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಕಡಲು ಬೇರೆಯಾದರೂ ವರ್ತಕರಿಗೆ ಒದಗುವ ಕಷ್ಟಗಳು ಒಂದೇ. ಸರಕನ್ನು ಎಸೆಯಬೇಕಾಗುವುದು, ನೀರು ತೀರುವುದು, ಒಬ್ಬನ ಜೀವದ ಮಾತು ಬರುವುದು. ಸರಕನ್ನು ಎಸೆ, ನಷ್ಟವನ್ನು ಹಂಚಿಕೊ; ನೀರನ್ನು ಹಂಚಿಕೊ; ಜೀವಕ್ಕೆ ಬೆಲೆ ಕಟ್ಟಬೇಡ. ಅನುಭವಿಗಳಾದ ವರ್ತಕರು ಕಂಡುಕೊಂಡ ಮರ್ಯಾದೆಗಳು ಇವು.

ಆ ರೋಮನ್ ನಿಯಮದಲ್ಲಿದ್ದ 'ಸ್ವತಂತ್ರ' ಎಂಬ ವಿಶೇಷಣದೊಳಗೆ ಒಂದು ಕೇಡು ಅಡಗಿದ್ದಿತು. ಸ್ವತಂತ್ರನಲ್ಲದವನ ಗತಿ ಏನು? 1781ರಲ್ಲಿ ಜಾಂಗ್ ಎಂಬ ಬ್ರಿಟಿಷ್ ಹಡಗು ಆಫ್ರಿಕದಿಂದ 400ಕ್ಕೂ ಹೆಚ್ಚು ಮಂದಿ ಗುಲಾಮರನ್ನು ಜಮೈಕಾಕ್ಕೆ ಒಯ್ಯುತ್ತಿದ್ದಿತು. ಹಡಗಿನ ಲೆಕ್ಕಪುಸ್ತಕದಲ್ಲಿ ಅವರು ಪ್ರಯಾಣಿಕರಲ್ಲ, ಸರಕು. ತಲೆಗೆ 30 ಪೌಂಡಿನಂತೆ ವಿಮೆಯಾಗಿದ್ದಿತು. ದಾರಿ ತಪ್ಪಿದ ಮೇಲೆ, ಕುಡಿಯುವ ನೀರು ಸಾಲದೆಂಬ ಕಾರಣ ಹೇಳಿ, ನವೆಂಬರ್ ತಿಂಗಳ ಕೊನೆಯಿಂದ ಆರಂಭಿಸಿ 130ರಷ್ಟು ಜನರನ್ನು ಜೀವಸಹಿತ ಕಡಲಿಗೆ ತಳ್ಳಿದರು. ನಡುವೆ ಮಳೆ ಸುರಿದಿದ್ದಿತು. ಹಡಗು ಜಮೈಕಾವನ್ನು ಮುಟ್ಟಿದಾಗ ಅದರಲ್ಲಿ ನೀರು ಮಿಕ್ಕಿಯೇ ಇದ್ದಿತು. ಒಡೆಯರು ವಿಮೆಯ ಹಣವನ್ನು ಕೇಳಿದರು. 1783ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಮೊದಲು ಪಂಚರು ಅವರ ಪರವಾಗಿಯೇ ತೀರ್ಪು ಕೊಟ್ಟರು. ಅನಂತರ ಲಾರ್ಡ್ ಮ್ಯಾನ್ಸ್‌ಫೀಲ್ಡ್‌ನ ಪೀಠವು ಮರುವಿಚಾರಣೆಗೆ ಅವಕಾಶ ಕೊಟ್ಟಿತು. ಆದರೆ ಅಲ್ಲಿ ವಾದ ನಡೆದುದು ವಿಮೆಯ ಹಣಕ್ಕಾಗಿ. ಕೊಲೆಯ ಆರೋಪ ಯಾರ ಮೇಲೂ ಬರಲಿಲ್ಲ.

ಎರಡು ಹಡಗುಗಳಲ್ಲಿಯೂ ದಾರಿ ತಪ್ಪಿದ್ದಿತು, ಎರಡರಲ್ಲಿಯೂ ನೀರಿನ ಮಾತು ಬಂದಿತು. ಒಂದರಲ್ಲಿ 200 ಜನರು ಎರಡೆರಡು ಷೆಂಗ್ ನೀರು ಕುಡಿದು ದಡ ಸೇರಿದರು. ಇನ್ನೊಂದರಲ್ಲಿ ಮನುಷ್ಯರನ್ನು ಸರಕಿನ ಪಟ್ಟಿಗೆ ಬರೆದುದರಿಂದ, ಅವರನ್ನು ಸರಕಿನಂತೆಯೇ ಎಸೆಯಲು ಕೈ ಹಿಂಜರಿಯಲಿಲ್ಲ. ಲೆಕ್ಕ ಬರೆಯುವವನು ಯಾರನ್ನು ಯಾವ ಕಲಮಿನಲ್ಲಿ ಬರೆಯುತ್ತಾನೆ ಎಂಬುದು ಸಣ್ಣ ವಿಷಯವಲ್ಲ.

ಸಾರ್ಥವಾಹನ ಘೋಷಣೆ

ಶ್ವೇತಾಂಬರ ಆಗಮಗಳಲ್ಲೊಂದಾದ ಜ್ಞಾತೃಧರ್ಮಕಥಾಂಗದಲ್ಲಿ ವರ್ತಕರ ಯಾತ್ರೆಗಳ ಕಥೆಗಳು ಹಲವು ಇವೆ. ಅವುಗಳಲ್ಲಿ ವರ್ತಕರು ಹೊರುವ ಸರಕನ್ನು ನಾಲ್ಕು ಬಗೆಯಾಗಿ ಹೇಳಿದೆ: ಗಣಿಮ, ಎಂದರೆ ಎಣಿಸಿ ಕೊಡುವುದು, ಧರಿಮ, ತೂಗಿ ಕೊಡುವುದು, ಮೇಯ, ಅಳೆದು ಕೊಡುವುದು, ಪರಿಚ್ಛೇದ್ಯ, ಪರೀಕ್ಷಿಸಿ ಕೊಡುವುದು. ಜಗತ್ತಿನ ಎಲ್ಲ ವ್ಯಾಪಾರವೂ ಈ ನಾಲ್ಕರಲ್ಲಿ ಅಡಗುತ್ತದೆ. ಸಹಪ್ರಯಾಣಿಕನ ಜೀವ ಈ ನಾಲ್ಕರಲ್ಲಿ ಯಾವುದಕ್ಕೂ ಸೇರದು. ಅದನ್ನು ಗಣಿಮವೆಂದು ತಿಳಿದು ಇನ್ನೂರರ ಎದುರು ಒಂದು ಎಂದು ಎಣಿಸಿದುದೇ ಫಾಹಿಯಾನನ ಹಡಗಿನಲ್ಲಿ ನಡೆದ ತಪ್ಪು.

ಅದೇ ಗ್ರಂಥದಲ್ಲಿ ಚಂಪಾನಗರದ ಧನ್ಯನೆಂಬ ಸಾರ್ಥವಾಹನ ಕಥೆ ಬರುತ್ತದೆ. ಸರಕು ತುಂಬಿದ ಬಂಡಿಗಳೊಡನೆ ಅಹಿಚ್ಛತ್ರಕ್ಕೆ ಹೊರಡುವ ಮೊದಲು ಅವನು ಊರಿನಲ್ಲಿ ಡಂಗುರ ಹೊಯ್ಸುತ್ತಾನೆ. ತನ್ನೊಡನೆ ಬರಬಯಸುವವರು ಯಾವ ಪಂಥದ ಭಿಕ್ಷುಕರಾಗಿರಲಿ, ಪರಿವ್ರಾಜಕರಾಗಿರಲಿ, ಗೃಹಸ್ಥರಾಗಿರಲಿ, ಬರಬಹುದು. ಕೊಡೆ ಇಲ್ಲದವನಿಗೆ ಕೊಡೆ, ಪಾದರಕ್ಷೆ ಇಲ್ಲದವನಿಗೆ ಪಾದರಕ್ಷೆ, ಕಮಂಡಲು ಇಲ್ಲದವನಿಗೆ ಕಮಂಡಲು, ದಾರಿಯ ಬುತ್ತಿ ಇಲ್ಲದವನಿಗೆ ಬುತ್ತಿ ಕೊಡುವೆನೆಂದೂ, ನಡುದಾರಿಯಲ್ಲಿ ಬಿದ್ದು ನೋವಾದವನಿಗೆ ನೆರವಾಗುವೆನೆಂದೂ ಸಾರಿಸುತ್ತಾನೆ. ಅದು ನೆಲದ ಮೇಲಿನ ಯಾತ್ರೆ, ಇದು ಕಡಲಿನದು. ಆದರೂ ಕಮಂಡಲುವನ್ನು ಕಡಲಿಗೆ ಎಸೆದು ಬರಿಗೈಯಲ್ಲಿ ನಿಂತ ಫಾಹಿಯಾನನ ಚಿತ್ರದ ಪಕ್ಕದಲ್ಲಿ ಧನ್ಯನ ಘೋಷಣೆಯನ್ನು ಇಟ್ಟು ನೋಡಿದರೆ, ವರ್ತಕನ ಧರ್ಮ ಯಾವುದೆಂಬುದು ಸ್ಪಷ್ಟವಾಗುತ್ತದೆ. ಜೊತೆಯಲ್ಲಿ ಕರೆದುಕೊಂಡು ಹೊರಟವನು ಅಪರಿಚಿತನಾದರೂ, ಅನ್ಯಮತದವನಾದರೂ, ಹೊರಟ ಗಳಿಗೆಯಿಂದ ಅವನ ಯೋಗಕ್ಷೇಮ ತನ್ನದು ಎಂದು ತಿಳಿಯುವುದೇ ಸಾರ್ಥವಾಹನ ಲಕ್ಷಣ.

ನಮ್ಮ ವಾಚಕರಲ್ಲಿ ಹಲವರು ಅಂಗಡಿ, ಕಾರ್ಖಾನೆಗಳನ್ನು ನಡೆಸುವವರು. ಬಸದಿಗಳ, ವಿದ್ಯಾರ್ಥಿನಿಲಯಗಳ, ಟ್ರಸ್ಟುಗಳ ಹೊಣೆ ಹೊತ್ತವರು. ಇವೆಲ್ಲವೂ ಒಂದೊಂದು ಹಡಗೇ. ವ್ಯಾಪಾರ ಇಳಿದ ವರ್ಷದಲ್ಲಿ, ಹಣ ಸಾಲದ ಸಭೆಯಲ್ಲಿ, ಒಬ್ಬನಿಗಾಗಿ ಎಲ್ಲರೂ ಏಕೆ ಕಷ್ಟಪಡಬೇಕು ಎಂಬ ಮಾತು ಸುಲಭವಾಗಿ ಹುಟ್ಟುತ್ತದೆ. ಆ ಒಬ್ಬನು ಕಾಯಿಲೆಬಿದ್ದ ಹಳೆಯ ಗುಮಾಸ್ತನಾಗಿರಬಹುದು, ಶುಲ್ಕ ಕಟ್ಟಲಾಗದ ವಿದ್ಯಾರ್ಥಿಯಾಗಿರಬಹುದು, ಮನೆಯ ಮೂಲೆಯಲ್ಲಿರುವ ವೃದ್ಧರಾಗಿರಬಹುದು. ಅಂತಹ ಹೊತ್ತಿನಲ್ಲಿ ಮೊದಲು ಸರಕಿನ ಕಡೆಗೆ ನೋಡಬೇಕು. ಅಲ್ಲಿ ಎಸೆಯಬಹುದಾದುದು ಏನಿದೆ ಎಂದು ಹುಡುಕಬೇಕು. ಆಮೇಲೆ ಇರುವ ನೀರನ್ನು ಅಳೆದು ಸಮನಾಗಿ ಹಂಚಬೇಕು. ಇಷ್ಟಾದ ಮೇಲೂ ಒಬ್ಬನನ್ನು ಇಳಿಸುವ ಮಾತು ಸಭೆಯಲ್ಲಿ ಎದ್ದರೆ, ಅವನ ಪಕ್ಕದಲ್ಲಿ ಎದ್ದು ನಿಲ್ಲುವ ಒಬ್ಬ ಗೃಹಸ್ಥನಾದರೂ ಆ ಸಭೆಯಲ್ಲಿ ಇರಬೇಕು. ಫಾಹಿಯಾನನ ದಾನಪತಿಯ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಆದರೂ ಆ ಕಡಲಯಾನದಲ್ಲಿ ಶ್ರಾವಕರಾದ ನಾವು ಅನುಸರಿಸಬೇಕಾದ ಮನುಷ್ಯನು ಅವನೇ.